ಹಾಡುಪೆಟ್ಟಿಗೆಯ ಸೂಚಿ ಬರೆದವರು

1998ರ ಕೊನೆಯಲ್ಲಿ ಅಮೆರಿಕದ ಡೈಮಂಡ್ ಮಲ್ಟಿಮೀಡಿಯಾ ಕಂಪನಿ ರಿಯೋ ಪಿಎಂಪಿ300 ಎಂಬ ಯಂತ್ರವನ್ನು ಮಾರಾಟಕ್ಕಿಟ್ಟಿತು. ಅಂಗಿಯ ಜೇಬಿಗೆ ಹಿಡಿಸುವ ಡಬ್ಬಿ, ಒಳಗೆ ಒಂದೇ ಒಂದು ಪೆನ್ಸಿಲ್ ಸೆಲ್, 32 ಮೆಗಾಬೈಟ್ ಜಾಗ. ಆ ಕಾಲದ ವಾಡಿಕೆಯಂತೆ 128 ಕೆಬಿಪಿಎಸ್ ಎಂಪಿ3 ತುಂಬಿದರೆ ಅರ್ಧ ಗಂಟೆ, ಅದರ ಮೇಲೆ ಎರಡು ಮೂರು ನಿಮಿಷ. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ, ತಾಳಮದ್ದಲೆಯಲ್ಲಿ ಒಬ್ಬ ಒಳ್ಳೆಯ ಅರ್ಥಧಾರಿ ಪೀಠಿಕೆ ಮುಗಿಸುವಷ್ಟು ಹೊತ್ತು. ಅಷ್ಟಕ್ಕೇ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಅಕ್ಟೋಬರ್‌ನಲ್ಲಿ ಕೋರ್ಟಿಗೆ ಹೋಯಿತು. 1999ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಡೈಮಂಡ್ ಪರವಾಗಿ ತೀರ್ಪು ಕೊಟ್ಟಿತು. ಬಳಸುವವರು ತಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಹಾಡನ್ನು ಜೇಬಿಗೆ ಸಾಗಿಸಿಕೊಳ್ಳುತ್ತಿದ್ದಾರೆ, ಅದಕ್ಕೆ ಸಂಘ ಆಧಾರವಾಗಿಟ್ಟ ಕಾನೂನು ಅಡ್ಡಬರುವುದಿಲ್ಲ ಎಂಬುದು ತೀರ್ಪಿನ ತಿರುಳು.

ಆ ತೀರ್ಪನ್ನು ನೆನೆಯುವವರು ಬಹಳ ಜನ ಇದ್ದಾರೆ. ನಾನು ನೆನೆಯುವುದು ಅದೇ ಹೊತ್ತಿಗೆ, ಅದರ ಪಕ್ಕದಲ್ಲೇ ನಡೆದ ಇನ್ನೊಂದು ಕೆಲಸವನ್ನು. ರಿಯೋ ಕಂಪ್ಯೂಟರಿಗೆ ಸೇರುತ್ತಿದ್ದದ್ದು ಪ್ರಿಂಟರ್ ಪೋರ್ಟಿನ ಮೂಲಕ. ಹಾಡು ತುಂಬಲು ಕಂಪನಿ ಕೊಟ್ಟ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಓಡುತ್ತಿತ್ತು. ಲಿನಕ್ಸ್ ಹಾಕಿಕೊಂಡವರಿಗೆ ಯಂತ್ರ ಇದ್ದೂ ಇಲ್ಲದ ಹಾಗೆ. ಹೆಚ್ಚು ಕಾಲ ಕಳೆಯುವ ಮೊದಲೇ ಸ್ನೋಬ್ಲೈಂಡ್ ಅಲಯನ್ಸ್ ಎಂಬ ಹೆಸರಿನ ಗುಂಪೊಂದು ‘ರಿಯೋ’ ಎಂಬ ಸಣ್ಣ ಕಮಾಂಡ್ ಸಾಧನವನ್ನು ಸೋರ್ಸ್ ಕೋಡ್ ಸಮೇತ ಹೊರಗೆ ಬಿಟ್ಟಿತು. ತಂತಿಯಲ್ಲಿ ಯಾವ ಬೈಟ್ ಮೊದಲು ಹೋಗಬೇಕು, ಯಾವ ಉತ್ತರ ಬಂದ ಮೇಲೆ ಮುಂದಿನದು ಹೋಗಬೇಕು ಎಂಬುದನ್ನೆಲ್ಲ ಕಂಡುಕೊಂಡು, ಬೇಕಾದವರು ಓದಿಕೊಳ್ಳಲಿ ಎಂದು ಬರೆದಿಟ್ಟದ್ದು ಅದು. ಜೇಬಿನ ಹಾಡುಪೆಟ್ಟಿಗೆ ಮುಕ್ತ ವ್ಯವಸ್ಥೆಗೆ ಒಗ್ಗಿದ ಚರಿತ್ರೆ ನನ್ನ ಮಟ್ಟಿಗೆ ಅಲ್ಲಿಂದ ಶುರುವಾಗುತ್ತದೆ.

ನಾನು ಪುತ್ತೂರಿನ ಕಡೆಯವಳು, ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಲಿನಕ್ಸ್ ನನ್ನ ಮೇಜಿಗೆ ಬಂದದ್ದು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದ ಬೆನ್ನು ಹಿಡಿದು. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಪ್ರದೇಶದ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಮಾಡಿಸಿ, 2000ನೆಯ ಇಸವಿಯ ಜನವರಿಯಲ್ಲಿ ಬಳಕೆಗೆ ತಂದು, ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಬಿಟ್ಟುಕೊಟ್ಟ ತಂತ್ರಾಂಶ ಅದು. ಇವತ್ತು ನಮ್ಮ ರಾಜ್ಯದ ಎಷ್ಟೋ ಕಾಲೇಜುಗಳ ಪುಸ್ತಕಗಳು ಅದರ ಲೆಕ್ಕದಲ್ಲಿವೆ. ಅದನ್ನು ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕೂರಿಸುತ್ತಾ ಕೂರಿಸುತ್ತಾ ಕಪ್ಪು ಪರದೆಯ ಹೆದರಿಕೆ ಹೋಯಿತು. ನನಗೆ ಪಾಠ ಹೇಳಿದವರು ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಕೇಂದ್ರದಲ್ಲಿ ಓದಿ ಬಂದವರು. ಸೂಚಿಯನ್ನು ಅವರು ಪುಸ್ತಕದಷ್ಟೇ ಗೌರವದಿಂದ ಮುಟ್ಟುತ್ತಿದ್ದರು. ಆ ಅಭ್ಯಾಸದ ಕಣ್ಣಿನಿಂದಲೇ ನಾನು ಈ ಹಾಡುಪೆಟ್ಟಿಗೆಗಳನ್ನು ನೋಡಿದ್ದು.

ನೋಡುವ ಸಂದರ್ಭ ಬಂದದ್ದು ನನ್ನ ಸೋದರಮಾವನಿಂದ. ಗ್ಲಾಕೋಮಾದಿಂದ ಅವರ ಎರಡೂ ಕಣ್ಣು ಹೋಗಿವೆ. ಮನೆಯ ಅಟ್ಟದಲ್ಲಿ ಒಂದು ಟ್ರಂಕ್ ತುಂಬ ತಾಳಮದ್ದಲೆಯ ಕ್ಯಾಸೆಟ್ಟುಗಳು: ಅಂಗಡಿಯಲ್ಲಿ ಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ಸೆಟ್ಟುಗಳು, ಕಾಳಿಂಗ ನಾವಡರ ಪದಗಳು, ಬಲಿಪ ನಾರಾಯಣ ಭಾಗವತರು, ಇವಕ್ಕಿಂತ ಹೆಚ್ಚಾಗಿ ಮಾವ ತಾವೇ ದೇವಸ್ಥಾನದ ಚಾವಡಿಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದವು. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ. ಮಗ್ಗುಲು ಬದಲಿಸುವಾಗ ಕೃಷ್ಣನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಮಾವ ಎಷ್ಟು ಚುರುಕಾಗಿ ತಿರುಗಿಸಿದರೂ ಎರಡು ವಾಕ್ಯ ಗಾಳಿಗೆ ಹೋಗುತ್ತಿತ್ತು. ಹೊರದೇಶದಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗ 2005ರ ಮಾದರಿಯ, 30 ಗಿಗಾಬೈಟಿನ ಐಪಾಡ್ ಒಂದನ್ನು ಬಿಟ್ಟುಹೋದ. ಈ ಕ್ಯಾಸೆಟ್ಟುಗಳು ಆ ಪೆಟ್ಟಿಗೆಯೊಳಗೆ ಹೋಗಬೇಕು, ಕಣ್ಣು ಕಾಣದ ಮಾವ ತಾವೇ ಆರಿಸಿ ಕೇಳಬೇಕು, ಅದೂ ನನ್ನ ಡೆಬಿಯನ್ ಕಂಪ್ಯೂಟರಿನಿಂದ. ಇದು ಆಗುತ್ತದೆಯೇ ಎಂದು ಹುಡುಕಲು ಹೊರಟಾಗ ಈ ಚರಿತ್ರೆ ಕೈಗೆ ಸಿಕ್ಕಿತು.

ಆಪಲ್ ಕಂಪನಿಯ ಐಪಾಡ್ ಮೊದಲು ಕಾಣಿಸಿಕೊಂಡದ್ದು 2001ರ ಅಕ್ಟೋಬರ್ 23ರಂದು. ತೋಷಿಬಾ ತಯಾರಿಸಿದ 1.8 ಇಂಚಿನ ಹಾರ್ಡ್ ಡಿಸ್ಕ್, 5 ಗಿಗಾಬೈಟ್ ಜಾಗ, ಫೈರ್‌ವೈರ್ ತಂತಿ, ಬೆಲೆ 399 ಡಾಲರ್. ಮ್ಯಾಕ್ ಇದ್ದವರಿಗೆ ಮಾತ್ರ. ಮುಂದಿನ ವರ್ಷ ವಿಂಡೋಸ್‌ಗೂ ಬಂತು, 2003ರ ಮಾದರಿಯಿಂದ ಯುಎಸ್‌ಬಿ ಬೆಂಬಲವೂ ಬಂತು. ಲಿನಕ್ಸ್‌ಗೆ ಸಿಕ್ಕಿಸಿದರೆ ಅದು ಒಂದು ಸಾಮಾನ್ಯ ಡಿಸ್ಕ್‌ನ ಹಾಗೆ ಕಾಣಿಸಿಕೊಳ್ಳುತ್ತದೆ. ಮೌಂಟ್ ಮಾಡಬಹುದು, ಒಳಗೆ ಹೋಗಬಹುದು. ಹಾಡಿನ ಕಡತವನ್ನು ನಕಲು ಮಾಡಿ ಹಾಕಲೂಬಹುದು. ತಂತಿ ಕಿತ್ತು ನೋಡಿದರೆ ಐಪಾಡಿನ ಪಟ್ಟಿಯಲ್ಲಿ ಹಾಡು ಇರುವುದಿಲ್ಲ.

ಕಾರಣ ಅದರೊಳಗಿನ ಏರ್ಪಾಟು. ಐಪಾಡ್ ಕಂಟ್ರೋಲ್ ಎಂಬ ಅಡಗಿಸಿಟ್ಟ ಫೋಲ್ಡರ್, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಎಂದು ಸಾಲು ಸಾಲು ಫೋಲ್ಡರುಗಳು. ಹಾಡುಗಳು ಅವುಗಳಲ್ಲಿ ಹಂಚಿಹೋಗಿರುತ್ತವೆ. ಹೆಸರು ನಾಲ್ಕೇ ಅಕ್ಷರ, ಅರ್ಥವಿಲ್ಲದ್ದು. ಯಾವ ನಾಲ್ಕಕ್ಷರ ಯಾವ ಹಾಡು ಎಂಬುದು ಐಟ್ಯೂನ್ಸ್‌ಡಿಬಿ ಎಂಬ ಇನ್ನೊಂದು ಕಡತದಲ್ಲಿದೆ. ಪುಸ್ತಕಗಳನ್ನೆಲ್ಲ ಬೆನ್ನು ತಿರುಗಿಸಿ ಜೋಡಿಸಿ, ಸೂಚಿಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಕಂಪನಿ ಇಟ್ಟುಕೊಂಡ ಗ್ರಂಥಾಲಯದ ಹಾಗೆ. ಇದರಲ್ಲಿ ತಾಂತ್ರಿಕ ಅನುಕೂಲ ಇತ್ತು ಎಂಬುದನ್ನು ಒಪ್ಪುತ್ತೇನೆ. ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆದು ಹೆಸರು ಓದುವ ಶಕ್ತಿ ಆಗಿನ ಸಣ್ಣ ಪ್ರೊಸೆಸರಿಗೆ ಇರಲಿಲ್ಲ. ಸಿದ್ಧ ಸೂಚಿ ಇದ್ದರೆ ಪಟ್ಟಿ ಥಟ್ಟನೆ ಬರುತ್ತದೆ. ನನ್ನ ತಕರಾರು ಬೇರೆ. ಸೂಚಿಯ ರಚನೆಯನ್ನು ಕಂಪನಿ ಎಲ್ಲೂ ಪ್ರಕಟಿಸಲಿಲ್ಲ.

ಅದನ್ನು ಓದಿದವರು ಹೆಕ್ಸ್ ಎಡಿಟರ್ ಹಿಡಿದು ಕೂತ ಕೆಲವರು. ಕಡತದ ಮೊದಲ ನಾಲ್ಕು ಬೈಟ್ ಎಂಎಚ್‌ಬಿಡಿ ಎಂಬ ಅಕ್ಷರಗಳು. ಅದರೊಳಗೆ ಎಂಎಚ್‌ಎಸ್‌ಡಿ, ಅದರೊಳಗೆ ಹಾಡಿಗೊಂದರಂತೆ ಎಂಎಚ್‌ಐಟಿ, ಪ್ರತಿ ಹಾಡಿನ ಹೆಸರು, ಗಾಯಕ, ದಾರಿ ಇವುಗಳಿಗೆ ಎಂಎಚ್‌ಒಡಿ. ದಾರಿಯನ್ನು ಬರೆಯುವಾಗ ಓರೆಗೆರೆಯ ಬದಲು ಹಳೆಯ ಮ್ಯಾಕಿನ ಪದ್ಧತಿಯಂತೆ ಎರಡು ಚುಕ್ಕಿ. ಒಂದು ಹಾಡು ಸೇರಿಸುವುದು, ಮುಂಚಿನ ಸೂಚಿಗೂ ಈಗಿನದಕ್ಕೂ ಏನು ವ್ಯತ್ಯಾಸ ನೋಡುವುದು. ಹೆಸರು ಬದಲಿಸುವುದು, ಮತ್ತೆ ನೋಡುವುದು. ಹೀಗೆ ಬೈಟಿಗೆ ಬೈಟ್ ಅರ್ಥ ಹಚ್ಚಿ ಬರೆದ ಟಿಪ್ಪಣಿಗಳ ಮೇಲೆ ಪರ್ಲ್ ಭಾಷೆಯ ಗ್ನುಪಾಡ್ ನಿಂತಿತು, ಜಿಟಿಕೆಪಾಡ್ ನಿಂತಿತು. ಜಿಟಿಕೆಪಾಡ್‌ನ ಒಡಲನ್ನು ಬೇರ್ಪಡಿಸಿ ಲಿಬ್‌ಜಿಪಾಡ್ ಎಂಬ ಲೈಬ್ರರಿ ಮಾಡಿದ ಮೇಲೆ ರಿದಮ್‌ಬಾಕ್ಸ್, ಅಮರಾಕ್‌ನಂಥ ಲಿನಕ್ಸ್ ಪ್ಲೇಯರುಗಳೆಲ್ಲ ಐಪಾಡಿನ ಜೊತೆ ಮಾತಾಡಿದವು. ನನಗೆ ಈ ಭಾಗ ಓದುವಾಗ ಮೈ ಜುಮ್ಮೆಂದಿತು. ಸಂಬಳ ಕೊಡುವವರಿಲ್ಲ, ಮೇಲಧಿಕಾರಿ ಇಲ್ಲ. ಒಂದು ಬೀಗದ ಸೂಚಿಯನ್ನು ಊರಿಗೆಲ್ಲ ಓದಲು ಬರುವ ಹಾಗೆ ಮಾಡಿದರು. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನಗೆ ಗೊತ್ತಿಲ್ಲ.

2007ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಮಾದರಿಗಳಲ್ಲಿ ಸೂಚಿಗೆ ಒಂದು ಮುದ್ರೆ ಸೇರಿತು. ಸೂಚಿಯ ಬೈಟುಗಳನ್ನೂ ಆ ಯಂತ್ರದ ಫೈರ್‌ವೈರ್ ಗುರುತಿನ ಸಂಖ್ಯೆಯನ್ನೂ ಬೆರೆಸಿ ಲೆಕ್ಕ ಹಾಕಿದ ಒಂದು ಹ್ಯಾಶ್. ಅದು ತಾಳೆಯಾಗದಿದ್ದರೆ ಡಿಸ್ಕ್ ತುಂಬ ಹಾಡಿದ್ದರೂ ಯಂತ್ರ ತೋರಿಸುವುದು ಸೊನ್ನೆ ಹಾಡು. ಕೆಲವೇ ದಿನಗಳಲ್ಲಿ ಲಿನಕ್ಸ್ ಕಡೆಯವರು ಆ ಲೆಕ್ಕವನ್ನೂ ಬಿಡಿಸಿ ಲಿಬ್‌ಜಿಪಾಡ್‌ಗೆ ಸೇರಿಸಿದರು. ಆಮೇಲಿನ ಮಾದರಿಗಳಿಗೆ ಮತ್ತೊಂದು, ಇನ್ನೂ ಗಟ್ಟಿಯಾದದ್ದು ಬಂತು. ಅದನ್ನು ಬಿಡಿಸುವ ಬಗೆಯನ್ನು ಕೆಲವರು ಬ್ಲೂವಿಕಿ ಎಂಬ ಜಾಲತಾಣದಲ್ಲಿ ಚರ್ಚಿಸುತ್ತಿದ್ದರು. 2008ರ ನವೆಂಬರ್‌ನಲ್ಲಿ ಆಪಲ್‌ನ ವಕೀಲರಿಂದ ಆ ಪುಟಗಳನ್ನು ತೆಗೆಯಿರಿ ಎಂದು ಪತ್ರ ಬಂತು. ಗಮನಿಸಿ: ಅಲ್ಲಿ ಹಾಡು ಇರಲಿಲ್ಲ, ಕದ್ದ ಕೋಡ್ ಹಂಚುವ ಅಂಗಡಿಯೂ ಅದಲ್ಲ, ಹೇಗೆ ಓದಬಹುದು ಎಂಬ ಮಾತುಕತೆ ಇತ್ತು. ಪುಟಗಳನ್ನು ತೆಗೆದ ತಾಣದ ಮಾಲೀಕರ ಪರವಾಗಿ 2009ರ ಏಪ್ರಿಲ್‌ನಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಕೋರ್ಟಿಗೆ ಹೋಯಿತು. ಜುಲೈನಲ್ಲಿ ಆಪಲ್ ಪತ್ರ ಹಿಂತೆಗೆದುಕೊಂಡಿತು, ಪುಟಗಳು ಮರಳಿದವು. ಒಂದು ಸೂಚಿಯ ರಚನೆ ಹೀಗಿದೆ ಎಂದು ಮಾತಾಡಲು ಕೋರ್ಟಿನ ಬಾಗಿಲು ತಟ್ಟಬೇಕಾಯಿತು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇಷ್ಟು ಹೊತ್ತು ಹೇಳಿದ್ದು ಕಂಪನಿಯ ಸೂಚಿಯನ್ನು ಓದಲು ಕಲಿತವರ ಕಥೆ. ಇನ್ನೊಂದು ಗುಂಪು ಸೂಚಿಯ ಗೊಡವೆಯನ್ನೇ ಬಿಟ್ಟು ಯಂತ್ರದ ಒಳಗಿನ ಫರ್ಮ್‌ವೇರನ್ನೇ ಹೊಸದಾಗಿ ಬರೆಯಲು ಹೊರಟಿತು. ನನ್ನ ಮಾವನ ಕೆಲಸ ಆದದ್ದು ಈ ಎರಡನೆಯವರಿಂದ.

ಜಾಗ ಸ್ವೀಡನ್, ಕಾಲ 2001ರ ಕೊನೆ. ಬ್ಯೋರ್ನ್ ಸ್ಟೆನ್‌ಬರ್ಗ್, ಲೀನಸ್ ನೀಲ್ಸನ್ ಫೆಲ್ಟ್‌ಸಿಂಗ್, ಡೇನಿಯಲ್ ಸ್ಟೆನ್‌ಬರ್ಗ್ ಎಂಬ ಮೂವರ ಕೈಯಲ್ಲಿ ಫ್ರಾನ್ಸಿನ ಆರ್ಕೋಸ್ ಕಂಪನಿಯ ಜ್ಯೂಕ್‌ಬಾಕ್ಸ್ ಎಂಬ ದಪ್ಪ ಪೆಟ್ಟಿಗೆ. ಇವರಲ್ಲಿ ಡೇನಿಯಲ್ ಇಂದು ಲೋಕವೆಲ್ಲ ಬಳಸುವ ಕರ್ಲ್ ಎಂಬ ಸಾಧನದ ಕರ್ತೃ. ಆ ಪೆಟ್ಟಿಗೆಯೊಳಗಿನ ತಂತ್ರಾಂಶ ಅವರಿಗೆ ಸಾಲಲಿಲ್ಲ. ಬಿಚ್ಚಿ ನೋಡಿದರು: 12 ಮೆಗಾಹರ್ಟ್ಸ್ ವೇಗದ ಹಿಟಾಚಿ ಎಸ್‌ಎಚ್-1 ಪ್ರೊಸೆಸರ್, 2 ಮೆಗಾಬೈಟ್ ರ‍್ಯಾಮ್. ಈ ಪ್ರೊಸೆಸರಿಗೆ ಎಂಪಿ3 ಬಿಡಿಸುವ ತಾಕತ್ತಿಲ್ಲ. ಆ ಕೆಲಸ ಪಕ್ಕದ ಮಾಸ್ ಎಂಬ ಚಿಪ್‌ನದು. ಪ್ರೊಸೆಸರ್ ಡಿಸ್ಕಿನಿಂದ ಬೈಟುಗಳನ್ನು ತೆಗೆದು ಮಾಸ್‌ನ ಬಾಯಿಗೆ ಇಡಬೇಕು. ಅಲ್ಲೂ ಒಂದು ತೊಡಕು: ಪ್ರೊಸೆಸರಿನ ಸೀರಿಯಲ್ ದಾರಿ ಪ್ರತಿ ಬೈಟಿನ ಬಿಟ್ಟುಗಳನ್ನು ಬಾಲದಿಂದ ಕಳಿಸುತ್ತದೆ, ಮಾಸ್‌ಗೆ ತಲೆಯಿಂದ ಬೇಕು. ಹಾಗಾಗಿ ಹಾಡಿನ ಪ್ರತಿಯೊಂದು ಬೈಟನ್ನೂ ತಿರುಗಿಸಿ ಕಳಿಸಬೇಕು. ಅದಕ್ಕೆಂದೇ ಅಸೆಂಬ್ಲಿ ಭಾಷೆಯಲ್ಲಿ ಬಿಗಿಯಾಗಿ ಬರೆದ ಒಂದು ತುಣುಕು ಅವರ ಕೋಡಿನಲ್ಲಿತ್ತು. ರಾಕ್‌ಬಾಕ್ಸ್ ಎಂದು ಹೆಸರಿಟ್ಟರು. 2002ರ ಜೂನ್‌ನಲ್ಲಿ ಮೊದಲ ಆವೃತ್ತಿ ಬಂತು.

ರಾಕ್‌ಬಾಕ್ಸ್‌ನ ಮೂಲ ನಿಲುವು ಗ್ರಂಥಪಾಲಕಿಯಾದ ನನಗೆ ಬಹಳ ಇಷ್ಟ. ನೀವು ಯಾವ ಫೋಲ್ಡರಿನಲ್ಲಿ ಯಾವ ಹೆಸರಿನಿಂದ ಇಟ್ಟಿರೋ ಅದನ್ನೇ ಅದು ತೋರಿಸುತ್ತದೆ, ಅದನ್ನೇ ನುಡಿಸುತ್ತದೆ. ಹಾಡಿನ ಟ್ಯಾಗ್ ಓದಿ ತನ್ನದೇ ಸೂಚಿಯನ್ನೂ ಕಟ್ಟಿಕೊಳ್ಳಬಲ್ಲದು, ಆದರೆ ಅದು ನೀವು ಬೇಕೆಂದರೆ ಮಾತ್ರ. ಮುಂದೆ ಐರಿವರ್‌ನ ಪೆಟ್ಟಿಗೆಗಳಿಗೆ ಬಂದಾಗ ಅದಕ್ಕೊಂದು ಜಿಗಿತ ಸಿಕ್ಕಿತು. ಅಲ್ಲಿನ ಪ್ರೊಸೆಸರ್ ಹಾಡನ್ನು ತಾನೇ ಬಿಡಿಸಬಲ್ಲದಾಗಿತ್ತು, ಹಾಗಾಗಿ ಎಂಪಿ3ಗೇ ಕಟ್ಟುಬೀಳಬೇಕಿರಲಿಲ್ಲ. ಆಮೇಲೆ ಐಪಾಡ್, ಸ್ಯಾನ್‌ಡಿಸ್ಕ್‌ನ ಸಾನ್ಸಾ.

ಐಪಾಡಿನೊಳಗೆ ಮೊದಲು ಹೊಕ್ಕದ್ದು ರಾಕ್‌ಬಾಕ್ಸ್ ಆಗಿರಲಿಲ್ಲ, ಸಾಕ್ಷಾತ್ ಲಿನಕ್ಸ್. ಬರ್ನಾರ್ಡ್ ಲೀಚ್ ಎಂಬವರು ಶುರುಮಾಡಿದ ಐಪಾಡ್‌ಲಿನಕ್ಸ್, ಸಣ್ಣ ಯಂತ್ರಗಳಿಗೆ ಹೊಂದಿಸಿದ ಯುಸಿಲಿನಕ್ಸ್ ಮೇಲೆ ನಿಂತದ್ದು. ಪೋರ್ಟಲ್‌ಪ್ಲೇಯರ್ ಕಂಪನಿಯ ಎರಡು ತಿರುಳಿನ ಚಿಪ್ ಅಲ್ಲಿತ್ತು; ಅದರ ಕೈಪಿಡಿ ಹೊರಗಿನವರಿಗೆ ಸಿಗುವಂಥದ್ದಲ್ಲ. ನಾಲ್ಕನೆಯ ಪೀಳಿಗೆಯ ಐಪಾಡ್ ಬಂದಾಗ ಕೆಲಸ ಕಟ್ಟಿಹೋಯಿತು. ಕೋಡ್ ಒಳಗೆ ಓಡಿಸಬಹುದು, ಆದರೆ ಪರದೆ, ಚಕ್ರ, ತಂತಿ ಯಾವುದನ್ನೂ ಮಾತಾಡಿಸುವ ಬಗೆ ತಿಳಿಯದು. ಅದು ತಿಳಿಯಬೇಕಾದರೆ ಒಳಗಿನ ಮೂಲ ಕೋಡ್ ಹೊರಗೆ ಬರಬೇಕು. ಬರಲು ಬಾಗಿಲೇ ಇಲ್ಲ. ಆಗ, 2005ರ ಸುಮಾರಿಗೆ, ನಿಲ್ಸ್ ಶ್ನೈಡರ್ ಎಂಬ ಜರ್ಮನ್ ತರುಣ ಒಂದು ದಾರಿ ಕಂಡುಕೊಂಡ. ಚಕ್ರ ತಿರುಗಿಸಿದಾಗ ಟಿಕ್ ಟಿಕ್ ಎನ್ನಲು ಐಪಾಡಿನಲ್ಲಿ ಒಂದು ಪುಟ್ಟ ಪೀಜೋ ಬಜರ್ ಇದೆ. ಅದನ್ನು ಮಿಡಿಸುವುದು ಮಾತ್ರ ಗೊತ್ತಿತ್ತು. ಒಳಗಿನ ಕೋಡಿನ ಒಂದೊಂದು ಬಿಟ್ಟನ್ನೂ ಟಿಕ್ ಸದ್ದಾಗಿ ಹೊರಡಿಸಿ, ಸದ್ದು ತಡೆಯುವ ಪೆಟ್ಟಿಗೆಯಲ್ಲಿ ಐಪಾಡನ್ನೂ ಮೈಕನ್ನೂ ಇಟ್ಟು, ಗಂಟೆಗಟ್ಟಲೆ ರೆಕಾರ್ಡ್ ಮಾಡಿ, ಆ ಸದ್ದನ್ನು ಮತ್ತೆ ಬೈಟುಗಳಾಗಿ ಬಿಡಿಸಿದ. ಬಜರ್‌ನ ಟಿಕ್ ಟಿಕ್‌ನಿಂದಲೇ ಆ ಯಂತ್ರದ ಬೂಟ್ ಕೋಡ್ ಹೊರಗೆ ಬಂತು. ಚಾವಡಿಯ ಅಂಚಿನಲ್ಲಿ ಮೈಕ್ ಹಿಡಿದು ಕೂರುತ್ತಿದ್ದ ಮಾವನಿಗೆ ಇದನ್ನು ಓದಿ ಹೇಳಿದಾಗ ಅವರು ಇನ್ನೊಮ್ಮೆ ಓದು ಎಂದರು.

ಎಂಪಿ3ಯ ಪೇಟೆಂಟ್ ವಿಚಾರವನ್ನೂ ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಲಿನಕ್ಸ್ ಹಾಕಿದವರೆಲ್ಲರಿಗೂ ಮೊದಲು ತಾಗಿದ್ದು ಅದೇ. ಈ ವಿಧಾನ ರೂಪುಗೊಂಡ ಮುಖ್ಯ ಜಾಗ ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರಾನ್‌ಹೋಫರ್ ಸಂಸ್ಥೆ. 1998ರ ಸೆಪ್ಟೆಂಬರ್‌ನಲ್ಲಿ ಅದು ಎಂಪಿ3 ತಯಾರಿಸುವ ತಂತ್ರಾಂಶ ಬರೆದ ಹಲವರಿಗೆ ಲೈಸೆನ್ಸ್ ಶುಲ್ಕ ಕೇಳಿ ಪತ್ರ ಬರೆಯಿತು. ಆ ಪತ್ರಕ್ಕೆ ಉತ್ತರವಾಗಿ ಕ್ರಿಸ್ ಮಾಂಟ್‌ಗೊಮೆರಿ ಕಟ್ಟತೊಡಗಿದ್ದು ಆಗ್ ವೋರ್ಬಿಸ್. 2002ರ ಜುಲೈನಲ್ಲಿ ಅದರ 1.0 ಬಂತು, ಪೇಟೆಂಟ್ ಕಾಟವಿಲ್ಲದ ದಾರಿಯಾಗಿ. ಅದೇ ವರ್ಷ ರೆಡ್ ಹ್ಯಾಟ್ ಲಿನಕ್ಸ್ 8.0ರಿಂದ ಎಂಪಿ3 ನುಡಿಸುವ ಭಾಗವನ್ನೇ ಕಿತ್ತುಹಾಕಲಾಯಿತು.

ನಮ್ಮಲ್ಲಿ ಲಿನಕ್ಸ್ ಹೆಚ್ಚಾಗಿ ಬರುತ್ತಿದ್ದದ್ದು ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆಗಿನ ಸಿಡಿಯಲ್ಲಿ. 1996ರಿಂದ ಆ ಸಿಡಿ ಬರುವ ಹಾಗೆ ಮಾಡಿದವರಲ್ಲಿ ಮುಖ್ಯರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ಶುರುಮಾಡಿದವರೂ ಅವರೇ. ಅದೇ ಮುಂದೆ ಫಾಸ್.ಇನ್ ಆಯಿತು. ಸಿಡಿಯಿಂದ ಲಿನಕ್ಸ್ ಹಾಕಿ, ಕ್ಲಿಕ್ ಮಾಡಿದರೆ ಹಾಡು ಮೌನ. ಬೇಕಾದ ತುಣುಕನ್ನು ಬೇರೆಡೆಯಿಂದ ಇಳಿಸಿಕೊಳ್ಳಬೇಕು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬರುವವರೆಗೆ ಊರಮನೆಗಳಲ್ಲಿ ಇದ್ದದ್ದು ಫೋನ್ ತಂತಿಯ ಡಯಲ್-ಅಪ್. ಮೂರ್ನಾಲ್ಕು ಮೆಗಾಬೈಟ್ ಇಳಿಯುವಷ್ಟರಲ್ಲಿ ಫೋನ್ ಬಂದು ಸಂಪರ್ಕ ಕಡಿದುಹೋಗುತ್ತಿತ್ತು. ಅದೇ 2005ರಲ್ಲಿ ನಮ್ಮ ಸಂಸತ್ತು ಪೇಟೆಂಟ್ ಕಾಯ್ದೆ ತಿದ್ದುವಾಗ, ಹಿಂದಿನ ಡಿಸೆಂಬರ್‌ನ ಸುಗ್ರೀವಾಜ್ಞೆಯಲ್ಲಿ ಸಾಫ್ಟ್‌ವೇರ್ ಪೇಟೆಂಟಿಗೆ ತೆರೆದಿದ್ದ ಸಂದನ್ನು ಕೈಬಿಟ್ಟಿತು. ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ ಎನ್ನುವ ಕಲಂ 3(ಕೆ) ಉಳಿಯಿತು. ಆ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರೆದದ್ದು ಕಡಿಮೆ, ಬರೆಯಬೇಕಿತ್ತು. ಎಂಪಿ3ಯ ಲೈಸೆನ್ಸ್ ವ್ಯವಹಾರ 2017ರ ಏಪ್ರಿಲ್‌ನಲ್ಲಿ ಮುಗಿಯಿತು, ಈಗ ಯಾವ ಲಿನಕ್ಸ್‌ನಲ್ಲೂ ಆ ತೊಂದರೆ ಇಲ್ಲ.

ಮಾವನ ಕ್ಯಾಸೆಟ್ಟಿಗೆ ಬರುತ್ತೇನೆ. ಟೇಪ್ ರೆಕಾರ್ಡರಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಹಿಡಿದೆ. ತಾಳಮದ್ದಲೆಗೆ ಸ್ಟೀರಿಯೋ ಬೇಡ. ಮೋನೋ, 64 ಕೆಬಿಪಿಎಸ್ ಧಾರಾಳ ಸಾಕು. ಆ ಲೆಕ್ಕದಲ್ಲಿ ಗಂಟೆಗೆ 29 ಮೆಗಾಬೈಟ್, 30 ಗಿಗಾಬೈಟಿನಲ್ಲಿ ಸಾವಿರ ಗಂಟೆ. ಮಗ್ಗುಲು ಎ ಮತ್ತು ಬಿಯನ್ನು ಜೋಡಿಸಿ ಒಂದೇ ಕಡತ ಮಾಡಿದೆ. ಹೋದ ವಾಕ್ಯಗಳು ಹೋದವೇ, ಆದರೆ ನಡುವಿನ ಗರಗರ ಸದ್ದು ಇಲ್ಲ. ಈ ಐಪಾಡ್ ಎಫ್‌ಎಟಿ32 ವಿನ್ಯಾಸದಲ್ಲಿತ್ತು, ರಾಕ್‌ಬಾಕ್ಸ್‌ಗೆ ಬೇಕಾದದ್ದೂ ಅದೇ. ಮ್ಯಾಕಿನ ವಿನ್ಯಾಸವಾದರೆ ಮೊದಲು ಬದಲಿಸಿಕೊಳ್ಳಬೇಕು. ಡಿಸ್ಕಿನ ಮೊದಲ ಭಾಗದಲ್ಲಿ ಫರ್ಮ್‌ವೇರ್ ಅಡಗಿರುತ್ತದೆ. ರಾಕ್‌ಬಾಕ್ಸ್‌ನ ಅನುಸ್ಥಾಪನಾ ಸಾಧನ ಅಲ್ಲಿ ತನ್ನ ಬೂಟ್‌ಲೋಡರ್ ಬರೆಯುತ್ತದೆ, ಕಂಪನಿಯ ಮೂಲ ತಂತ್ರಾಂಶವನ್ನು ಅಳಿಸುವುದಿಲ್ಲ. ಹಳೆಯದು ಬೇಕೆಂದರೆ ಹೋಲ್ಡ್ ಗುಂಡಿ ಸರಿಸಿ ಚಾಲೂ ಮಾಡಿದರಾಯಿತು. ಈ ಸೌಜನ್ಯವನ್ನು ನಾನು ಮೆಚ್ಚುತ್ತೇನೆ.

ಡಿಸ್ಕ್ ಈಗಲೂ ಮೂಲದ್ದೇ, ತಿರುಗುವಂಥದ್ದು. ಐಪಾಡಿನ 32 ಮೆಗಾಬೈಟ್ ರ‍್ಯಾಮ್‌ನ ಬಹುಪಾಲನ್ನು ರಾಕ್‌ಬಾಕ್ಸ್ ಹಾಡಿನ ದಾಸ್ತಾನಿಗೆ ಕೊಡುತ್ತದೆ. ನಮ್ಮ 64 ಕೆಬಿಪಿಎಸ್ ಕಡತವಾದರೆ ಒಮ್ಮೆ ತುಂಬಿಕೊಂಡದ್ದು ಗಂಟೆಯ ಹತ್ತಿರಕ್ಕೆ ಸಾಕು. ಅಷ್ಟು ಹೊತ್ತು ಡಿಸ್ಕ್ ಮಲಗಿರುತ್ತದೆ, ಬ್ಯಾಟರಿ ಉಳಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಬುಕ್‌ಮಾರ್ಕ್. ನಾಲ್ಕು ಗಂಟೆಯ ಪ್ರಸಂಗವನ್ನು ಒಂದೇ ಪಟ್ಟಿಗೆ ಯಾರೂ ಕೇಳುವುದಿಲ್ಲ. ಊಟಕ್ಕೆ ಏಳುತ್ತಾರೆ, ನಿದ್ದೆ ಬರುತ್ತದೆ. ನಿಲ್ಲಿಸಿದ ಜಾಗವನ್ನು ರಾಕ್‌ಬಾಕ್ಸ್ ತಾನೇ ಗುರುತಿಟ್ಟು ಮತ್ತೆ ಅಲ್ಲಿಂದಲೇ ಹೊರಡುತ್ತದೆ.

ಕನ್ನಡದ ತೊಡಕು ಎರಡು ಕಡೆ. ಹಾಡಿನ ಬಾಲದಲ್ಲಿ ಹೆಸರು ಬರೆಯುವ ಐಡಿ3 ಎಂಬ ಟ್ಯಾಗಿನ 1996ರ ಮೊದಲ ರೂಪದಲ್ಲಿ ಶೀರ್ಷಿಕೆಗೆ ಇರುವುದು 30 ಬೈಟ್. ಇಂಗ್ಲಿಷಿಗೆ ಅದು 30 ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಸ್ವರಚಿಹ್ನೆಗೆ ಬೇರೆ 3, ಒತ್ತಿಗಾಗಿ ಹಾಕುವ ವಿರಾಮಕ್ಕೆ ಬೇರೆ 3. ‘ಕೃಷ್ಣಸಂಧಾನ’ ಸರಿಯಾಗಿ 30 ಬೈಟಿಗೆ ಕೂರುತ್ತದೆ. ‘ಭೀಷ್ಮಾರ್ಜುನ’ಕ್ಕೆ 33 ಬೇಕು, ಕೊನೆಯ ‘ನ’ ಬಿದ್ದುಹೋಗುತ್ತದೆ. ಟ್ಯಾಗಿನ ಎರಡನೆಯ ರೂಪದಲ್ಲಿ ಈ ಮಿತಿ ಇಲ್ಲ, ಯೂನಿಕೋಡ್‌ಗೂ ಜಾಗ ಉಂಟು, ಅದನ್ನೇ ಬಳಸಿದೆ. ಎರಡನೆಯ ತೊಡಕು ಪರದೆಯದು. ಲಿನಕ್ಸ್ ಕಂಪ್ಯೂಟರಿನ ಮೇಲೆ ಪ್ಯಾಂಗೋ, ಹಾರ್ಫ್‌ಬಜ್ ಎಂಬ ಲೈಬ್ರರಿಗಳು ಕನ್ನಡದ ಗುಣಿತ, ಒತ್ತುಗಳನ್ನು ಚೆಂದವಾಗಿ ಕೂಡಿಸುತ್ತವೆ. ರಾಕ್‌ಬಾಕ್ಸ್ ತನ್ನ ಚುಕ್ಕಿ ಫಾಂಟಿನಿಂದ ಸಂಕೇತಗಳನ್ನು ಒಂದರ ಪಕ್ಕ ಒಂದು ಇಡುತ್ತದೆ. ಅರಬ್ಬಿಯ ಅಕ್ಷರ ಜೋಡಿಸುವ ಕೋಡ್ ಅದರಲ್ಲಿದೆ, ಬಲದಿಂದ ಎಡಕ್ಕೆ ಬರೆಯುವ ಕೋಡ್ ಇದೆ, ಕನ್ನಡಕ್ಕಿಲ್ಲ. ‘ಷ್ಣ’ ಒತ್ತಾಗದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಇಂಥ ಕೋಡ್ ಬರೆಯಬಲ್ಲ ಕನ್ನಡದ ಮಕ್ಕಳು ಎಷ್ಟೊಂದು ಜನ ಇದ್ದಾರೆ. ಯಾರಾದರೂ ಕೈಹಾಕಲಿ ಎಂದು ನಾನು ನಿಜವಾಗಿ ಆಸೆಪಡುತ್ತೇನೆ. ರಾಕ್‌ಬಾಕ್ಸ್ ಇನ್ನೂ ಜೀವಂತ ಇದೆ. 2025ರಲ್ಲಿ ಅದರ 4.0 ಬಂದಿದೆ. ಕ್ಲಾಸಿಕ್ ಐಪಾಡಿನ ಮಾರಾಟ 2014ರಲ್ಲೇ ನಿಂತಿತು, 2022ರಲ್ಲಿ ಆ ಹೆಸರಿನ ಕೊನೆಯ ಯಂತ್ರವೂ.

ಮಾವನಿಗೆ ಪರದೆ ಬೇಕಿರಲಿಲ್ಲ. ಆರ್ಕೋಸ್ ಕಾಲದಲ್ಲೇ, ಕಣ್ಣು ಕಾಣದ ಬಳಕೆದಾರರಿಗಾಗಿ ರಾಕ್‌ಬಾಕ್ಸ್‌ಗೆ ದನಿ ಸೇರಿಸಲಾಗಿತ್ತು. ಮೆನುವಿನ ಪ್ರತಿ ಸಾಲನ್ನೂ, ಫೋಲ್ಡರಿನ ಹೆಸರನ್ನೂ, ಬ್ಯಾಟರಿ ಎಷ್ಟಿದೆ ಎಂಬುದನ್ನೂ ಅದು ಹೇಳಬಲ್ಲದು. ಐಪಾಡಿನ ಚಕ್ರ ನುಣ್ಣಗಿದೆ, ಬೆರಳಿಗೆ ಗುರುತು ಸಿಗುವುದಿಲ್ಲ. ದನಿ ಇಲ್ಲದೆ ಕಣ್ಣು ಕಾಣದವರಿಗೆ ಅದರಲ್ಲಿ ಬೇಕಾದದ್ದನ್ನು ಆರಿಸುವುದು ಬಹಳ ಕಷ್ಟ. ಪ್ರತಿ ಫೋಲ್ಡರಿನಲ್ಲಿ ‘_ಡಿರ್‌ನೇಮ್.ಟಾಕ್’ ಎಂಬ ಒಂದು ಪುಟ್ಟ ದನಿಕಡತ ಇಟ್ಟರೆ, ಆ ಫೋಲ್ಡರಿನ ಮೇಲೆ ಬಂದಾಗ ಅದು ನುಡಿಯುತ್ತದೆ. ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಮೊದಲು ಅದರಿಂದ ಮಾಡಿಸಿದೆ. ಮಾವ ಕೇಳಿ, ಅರ್ಥವಾಗುತ್ತದೆ, ಆದರೆ ಭೀಷ್ಮನನ್ನು ಹೀಗೆ ಕರೆಯಬಾರದು ಎಂದರು. ಆಮೇಲೆ ನಾನೇ ಒಂದೊಂದು ಹೆಸರನ್ನೂ ಮೈಕಿಗೆ ಹೇಳಿ, ರಾಕ್‌ಬಾಕ್ಸ್ ಒಪ್ಪುವ ಸ್ಪೀಕ್ಸ್ ರೂಪಕ್ಕೆ ಬದಲಿಸಿ ಇಟ್ಟೆ.

ಪಾಠದಲ್ಲಿ ಕಲಿತಂತೆ ನಾನು ಫೋಲ್ಡರುಗಳನ್ನು ಪ್ರಸಂಗದ ಹೆಸರಿನಿಂದ ಜೋಡಿಸಿದ್ದೆ. ಅದರೊಳಗೆ ಅರ್ಥಧಾರಿಗಳು, ಆಮೇಲೆ ಭಾಗವತರು. ಕೆಲವು ವಾರ ಕೇಳಿದ ಮೇಲೆ ಮಾವ ಕ್ರಮ ಬದಲಿಸು ಎಂದರು: ಮೊದಲು ಭಾಗವತರು, ಆಮೇಲೆ ಪ್ರಸಂಗ, ಆಮೇಲೆ ಮಾತಿನವರು, ಕಡೆಗೆ ಊರು ಮತ್ತು ವರ್ಷ. ಅವರು ಆರಿಸುವುದು ಪದ ಹೇಳಿದವರ ದನಿಯಿಂದ. ಮಾತು ಅದರ ಮೇಲೆ ಬರುತ್ತದೆ. ರಂಗನಾಥನ್ ಇದನ್ನು ಕೇಳಿದ್ದರೆ ಒಪ್ಪುತ್ತಿದ್ದರು ಎಂದು ನನಗನಿಸುತ್ತದೆ. ಬದಲಿಸುವುದು ಕಷ್ಟವಾಗಲಿಲ್ಲ. ಐಪಾಡನ್ನು ಸಿಕ್ಕಿಸಿ, ಡೆಬಿಯನ್‌ನಲ್ಲಿ ಫೋಲ್ಡರುಗಳನ್ನು ಸರಿಸಿ, ದನಿಕಡತಗಳನ್ನು ಹೊಸ ಜಾಗಕ್ಕೆ ಹಾಕಿ, ಇಜೆಕ್ಟ್ ಕಮಾಂಡ್ ಕೊಟ್ಟು ಬಿಡಿಸಿದೆ; ಬೇರೆ ಯಾವ ಸೂಚಿಯನ್ನೂ ತಿದ್ದಬೇಕಾಗಿರಲಿಲ್ಲ. ಟ್ರಂಕಿನಲ್ಲಿ ಚೀಟಿ ಉದುರಿಹೋದ ಕ್ಯಾಸೆಟ್ಟುಗಳು ಇನ್ನೂ ಇವೆ. ಅವುಗಳನ್ನು ಹೆಸರಿಲ್ಲದ ಫೋಲ್ಡರಿಗೆ ಹಾಕುತ್ತಾ ಹೋಗುತ್ತೇನೆ. ಮಾವ ಕೇಳಿ, ಇದು ಇಂಥ ಚಾವಡಿ, ಚೆಂಡೆ ಇಂಥವರದು, ಇದು ಮಳೆಗಾಲದ್ದು ಎಂದು ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ, ಹೆಸರಿಡುತ್ತೇನೆ, ಮುಂದಿನ ಕ್ಯಾಸೆಟ್ ಹಾಕುತ್ತೇನೆ.